ಐಪಾಡ್‌ನ ಹಾರ್ಡ್ ಡಿಸ್ಕ್ ತೆಗೆದು ಮೆಮೊರಿ ಕಾರ್ಡ್ ಕೂರಿಸುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ತುಮಕೂರಿನ ಎಷ್ಟು ಮನೆಗಳ ಬೀರುವಿನಲ್ಲಿ ಆ್ಯಪಲ್ ಕಂಪನಿಯ ಹಳೆಯ ಐಪಾಡ್‌ಗಳು, ಅಂದರೆ ಜೇಬಿನಲ್ಲಿಟ್ಟು ಹಾಡು ಕೇಳುವ ಯಂತ್ರಗಳು, ಮಲಗಿವೆ ಎಂಬುದು ನನಗೆ ತಿಳಿದದ್ದು, ನನ್ನದೊಂದನ್ನು ಸರಿಮಾಡಿಕೊಂಡ ಮೇಲೆ. ಬೆಳಗಿನ ಬೆಂಗಳೂರು ರೈಲಿನಲ್ಲಿ ಅದನ್ನು ಕೈಯಲ್ಲಿ ಹಿಡಿದು ಕೂತಿದ್ದೇ ತಪ್ಪಾಯಿತು. ಸಹಪ್ರಯಾಣಿಕರು, ಅವರ ಭಾವಮೈದುನರು, ತಿಪಟೂರು, ಶಿರಾ, ಮಧುಗಿರಿಗಳಿಂದ ಪತ್ರ ಬರೆದವರು, ಎಲ್ಲರೂ ಕೇಳುವುದು ಹೆಚ್ಚುಕಡಿಮೆ ಅವೇ ಪ್ರಶ್ನೆಗಳು. ಹೇಳಿ ಹೇಳಿ ಬಾಯಿ ನೋಯಿಸಿಕೊಳ್ಳುವ ಬದಲು ಬರೆದಿಟ್ಟಿದ್ದೇನೆ. ನಾನು ವೃತ್ತಿಯಿಂದ ರಿಪೇರಿಯವನಲ್ಲ, ಕಚೇರಿ ಗುಮಾಸ್ತ. ಭಾನುವಾರದ ಹುಚ್ಚು ಇದು.

## ಮೊದಲು ಕೇಳುವವು

ಆನ್ ಮಾಡಿದರೆ ಕಟಕಟ ಎಂದು ಸದ್ದು ಮಾಡಿ, ಅಳುಮುಖದ ಐಪಾಡ್ ಚಿತ್ರ ತೋರಿಸುತ್ತದೆ. ಸತ್ತೇಹೋಯಿತೇ?

ಸತ್ತಿರುವುದು ಬಹುತೇಕ ಅದರ ಹಾರ್ಡ್ ಡಿಸ್ಕ್ ಮಾತ್ರ. ಒಳಗೆ 1.8 ಇಂಚಿನ ಪುಟ್ಟ ಡಿಸ್ಕ್ ಇದೆ. ನಿಮಿಷಕ್ಕೆ 4200 ಸುತ್ತು ತಿರುಗುವ ತಟ್ಟೆ, ಅದನ್ನು ಮುಟ್ಟದೆ ಕೂದಲೆಳೆಗಿಂತ ಕಡಿಮೆ ಅಂತರದಲ್ಲಿ ತೇಲುವ ಓದುತಲೆ. ಜೇಬಿನಲ್ಲಿ, ಬಸ್ಸಿನಲ್ಲಿ, ಬೈಕಿನಲ್ಲಿ ಹದಿನೈದು ವರ್ಷ ಕುಲುಕಿಸಿದರೆ ಯಾವುದು ತಾನೇ ಬಾಳುತ್ತದೆ? ಕಟಕಟ ಎನ್ನುವುದು ಓದುತಲೆ ತನ್ನ ಜಾಗ ಸಿಗದೆ ಹಿಂದಕ್ಕೂ ಮುಂದಕ್ಕೂ ತಡಕಾಡುವ ಸದ್ದು. ಪರದೆ, ಚಕ್ರ, ಧ್ವನಿಯ ಚಿಪ್ ಎಲ್ಲವೂ ಚೆನ್ನಾಗಿರುವ ಸಾಧ್ಯತೆಯೇ ಹೆಚ್ಚು.

ಖಚಿತ ಮಾಡಿಕೊಳ್ಳಬೇಕಾದರೆ ಹೀಗೆ ಮಾಡಿ. ಮೆನು ಮತ್ತು ನಡುವಿನ ಗುಂಡಿಯನ್ನು ಒಟ್ಟಿಗೆ ಒತ್ತಿ ಹಿಡಿಯಿರಿ. ಸೇಬಿನ ಗುರುತು ಬಂದ ಕೂಡಲೇ ಕೈಬಿಟ್ಟು, ನಡುವಿನ ಗುಂಡಿ ಮತ್ತು ಹಿಂದಿನ ಹಾಡಿನ ಗುಂಡಿಯನ್ನು ಒಟ್ಟಿಗೆ ಒತ್ತಿ ಹಿಡಿಯಿರಿ. ಪರೀಕ್ಷೆಯ ಪಟ್ಟಿ ತೆರೆಯುತ್ತದೆ. ಕ್ಲಾಸಿಕ್ ಎಂಬ ಮಾದರಿಯಲ್ಲಿ ಅಲ್ಲಿಯೇ ಹಾರ್ಡ್ ಡ್ರೈವ್‌ನ ಸ್ಮಾರ್ಟ್ ಮಾಹಿತಿ, ಅಂದರೆ ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಬರೆದಿಟ್ಟುಕೊಂಡ ಲೆಕ್ಕ, ಸಿಗುತ್ತದೆ. ಕೆಟ್ಟುಹೋದ ಭಾಗಗಳ ಎಣಿಕೆ ನೂರಾರು, ಸಾವಿರಾರು ಎಂದಿದ್ದರೆ ಮುಂದೆ ಯೋಚಿಸುವುದೇನೂ ಇಲ್ಲ.

ಡಿಸ್ಕ್ ತೆಗೆದು ಮೆಮೊರಿ ಕಾರ್ಡ್ ಹಾಕುವುದು ಎಂದರೆ ಸುಮ್ಮನೆ ತೂರಿಸುವುದೇ?

ನಡುವೆ ಒಂದು ಅಡಾಪ್ಟರ್ ಬೇಕು. ಐಪಾಡ್‌ಗೆ ಗೊತ್ತಿರುವುದು ಹಾರ್ಡ್ ಡಿಸ್ಕ್‌ನ ಭಾಷೆ, ಕಾರ್ಡ್‌ಗೆ ಗೊತ್ತಿರುವುದು ಬೇರೆ ಭಾಷೆ. ಅಡಾಪ್ಟರ್ ಇಬ್ಬರ ನಡುವಿನ ದುಭಾಷಿ. ಡಿಸ್ಕ್ ಇದ್ದ ಜಾಗದಲ್ಲೇ ಕೂರುವ ಬೆಂಕಿಪೊಟ್ಟಣದ ಮುಖದಷ್ಟು ಸರ್ಕ್ಯೂಟ್ ಹಲಗೆ ಅದು. ಡಿಸ್ಕ್‌ಗೆ ಹೋಗುತ್ತಿದ್ದ ಚಪ್ಪಟೆ ತಂತಿಯ ರಿಬ್ಬನ್ ಪಟ್ಟಿ ಅದರ ಒಂದು ಬದಿಗೆ, ಎಸ್‌ಡಿ ಅಥವಾ ಮೈಕ್ರೋ ಎಸ್‌ಡಿ ಕಾರ್ಡ್ ಇನ್ನೊಂದು ಬದಿಗೆ. ಬೆಸುಗೆಯ ಕೆಲಸ ಇಲ್ಲವೇ ಇಲ್ಲ. ಇದನ್ನು ದಪ್ಪ ಅಕ್ಷರದಲ್ಲಿ ಬರೆಯಬೇಕು ಎನಿಸುತ್ತದೆ, ಏಕೆಂದರೆ ಅರ್ಧ ಜನ ಬೆಸುಗೆಯ ಭಯಕ್ಕೇ ಹಿಂದೆ ಸರಿಯುತ್ತಾರೆ.

ಮೊಬೈಲಿನಲ್ಲಿ ಎಲ್ಲ ಹಾಡೂ ಸಿಗುವಾಗ ಈ ರಗಳೆ ಏಕೆ ಸ್ವಾಮಿ?

ಬೇಡದಿದ್ದರೆ ಮಾಡಬೇಡಿ. ನಿಜವಾಗಿ ಹೇಳುತ್ತಿದ್ದೇನೆ. ಇದರಿಂದ ಹಣ ಉಳಿಯುವುದಿಲ್ಲ, ಸಮಯವಂತೂ ಉಳಿಯುವುದೇ ಇಲ್ಲ.

ನನ್ನ ಕಾರಣ ಎರಡು. ನನ್ನ ಬಳಿ ಇರುವ ಅರ್ಧ ಸಂಗ್ರಹ ಯಾವ ಆ್ಯಪ್‌ನಲ್ಲೂ ಸಿಗುವುದಿಲ್ಲ. ಊರ ಜಾತ್ರೆಯ ನಾಟಕಗಳ ರಂಗಗೀತೆ, ಹರಿಕಥೆ, ತತ್ವಪದ ಭಜನೆ, ಎಲ್ಲ ಕ್ಯಾಸೆಟ್‌ನಿಂದ ನಾನೇ ಇಳಿಸಿಕೊಂಡದ್ದು. ಗುಬ್ಬಿ ವೀರಣ್ಣನವರ ಜಿಲ್ಲೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಇನ್ನೊಂದು, ಐಪಾಡ್ ಕೈಯಲ್ಲಿದ್ದಾಗ ಯಾರೂ ಫೋನ್ ಮಾಡುವುದಿಲ್ಲ. ದೇವರಾಯನದುರ್ಗದ ತಿರುವುಗಳಲ್ಲಿ ಸಿಗ್ನಲ್ ಹೋದರೂ ಹಾಡು ನಿಲ್ಲುವುದಿಲ್ಲ.

ನನ್ನ ಬಳಿ ಇರುವುದು ಯಾವ ಮಾದರಿ? ಎಲ್ಲದಕ್ಕೂ ಆಗುತ್ತದೆಯೇ?

ಹಿಂಬದಿಯ ಹೊಳೆಯುವ ತಗಡಿನ ಕೆಳಭಾಗದಲ್ಲಿ ಇರುವೆಯಷ್ಟು ಚಿಕ್ಕ ಅಕ್ಷರದಲ್ಲಿ ಮಾದರಿ ಸಂಖ್ಯೆ ಇರುತ್ತದೆ. ಫೋನಿನಲ್ಲಿ ಫೋಟೊ ತೆಗೆದು ದೊಡ್ಡದು ಮಾಡಿ ಓದಿ.

ಎ1136 ಎಂದಿದ್ದರೆ ಅದು 2005 ಅಥವಾ 2006ರ ವಿಡಿಯೊ ಮಾದರಿ, ಅಂದರೆ ಐದನೆಯ ಪೀಳಿಗೆ ಅಥವಾ ರೂಢಿಯಲ್ಲಿ ಐದೂವರೆ ಎನ್ನುವುದು. ಮುಂಭಾಗ ಪ್ಲಾಸ್ಟಿಕ್. ಮೆನುವಿನಲ್ಲಿ ಹುಡುಕಾಟದ ಸೌಲಭ್ಯ ಇದ್ದರೆ ಐದೂವರೆ. ಮೊದಲ ಬಾರಿ ಮಾಡುವವರಿಗೆ ನಾನು ಹೇಳುವುದು ಇದನ್ನೇ, ಬಿಚ್ಚುವುದು ಸುಲಭ, ಬಿಡಿಭಾಗಗಳೂ ಸಿಗುತ್ತವೆ.

ಎ1238 ಎಂದಿದ್ದರೆ ಕ್ಲಾಸಿಕ್. 2007, 2008, 2009ರಲ್ಲಿ ಬಂದ ಮೂರಕ್ಕೂ ಇದೇ ಸಂಖ್ಯೆ, ಗೊಂದಲವೂ ಅಲ್ಲೇ. ಮುಂಭಾಗ ಅಲ್ಯೂಮಿನಿಯಂ, ಬಿಚ್ಚುವುದು ಪ್ರಾಣಸಂಕಟ. ಎ1059 ಎಂದರೆ 2004ರ ನಾಲ್ಕನೆಯ ಪೀಳಿಗೆ. ಅದರ ಡಿಸ್ಕ್ ಕೊಂಡಿ ಬೇರೆ ಬಗೆಯದು, ಅದಕ್ಕೆ ಹೊಂದುವ ಅಡಾಪ್ಟರನ್ನೇ ಕೇಳಿ ತರಿಸಿ. ನ್ಯಾನೊ, ಶಫಲ್, ಟಚ್‌ಗಳ ಒಳಗೆ ಮೊದಲಿನಿಂದಲೂ ಫ್ಲ್ಯಾಶ್ ಮೆಮೊರಿಯೇ ಇದೆ, ಅವುಗಳಲ್ಲಿ ಬದಲಿಸಲು ಡಿಸ್ಕ್ ಇಲ್ಲ.

ಐಪಾಡ್ ಮಿನಿ ಇದೆ. ಅದಕ್ಕೂ ಅಡಾಪ್ಟರ್ ಬೇಕೇ?

ಮಿನಿ ಎಲ್ಲಕ್ಕಿಂತ ಸುಲಭ. ಅದರೊಳಗಿನ ಒಂದು ಇಂಚಿನ ಮೈಕ್ರೋಡ್ರೈವ್‌ನ ಆಕಾರವೂ ಕೊಂಡಿಯೂ ಹಳೆಯ ಕ್ಯಾಮೆರಾಗಳ ಕಾಂಪ್ಯಾಕ್ಟ್ ಫ್ಲ್ಯಾಶ್ ಕಾರ್ಡ್‌ನದೇ. ಆ ಕಾರ್ಡ್ ಇದ್ದರೆ ನೇರವಾಗಿ ಅಲ್ಲಿಯೇ ಕೂರುತ್ತದೆ. ಮದುವೆ ಫೋಟೊ ತೆಗೆಯುವ ಹಳಬರ ಸ್ಟುಡಿಯೊಗಳಲ್ಲಿ ಕೇಳಿ ನೋಡಿ, ಪೆಟ್ಟಿಗೆಯ ತಳದಲ್ಲಿ ಒಂದೆರಡು ಬಿದ್ದಿರುತ್ತವೆ.

## ಕೊಳ್ಳುವ ಮುನ್ನ

ಎಷ್ಟು ಜಿಬಿ ಹಾಕಬಹುದು? 512 ಹಾಕಿದರೆ ಇನ್ನು ಜನ್ಮದಲ್ಲಿ ಬೇರೆ ಬೇಡ ಅಲ್ಲವೇ?

ಇಲ್ಲಿ ಎರಡು ಗೋಡೆಗಳಿವೆ. ಎರಡಕ್ಕೂ ತಲೆ ಬಡಿದುಕೊಂಡವರನ್ನು ನೋಡಿದ್ದೇನೆ.

ಮೊದಲನೆಯದು ವಿಳಾಸದ ಗೋಡೆ. ಡಿಸ್ಕ್‌ನಲ್ಲಿ ಮಾಹಿತಿ 512 ಬೈಟ್‌ಗಳ ಚಿಕ್ಕ ಚಿಕ್ಕ ಗೂಡುಗಳಲ್ಲಿ ಇರುತ್ತದೆ, ಪ್ರತಿ ಗೂಡಿಗೂ ಒಂದು ಸಂಖ್ಯೆ. 2007 ಮತ್ತು 2008ರ ಕ್ಲಾಸಿಕ್‌ಗಳ ತಂತ್ರಾಂಶ ಆ ಸಂಖ್ಯೆಯನ್ನು 28 ಬಿಟ್‌ಗಳಲ್ಲಿ ಬರೆಯುತ್ತದೆ. 28 ಬಿಟ್‌ನಲ್ಲಿ ಎಣಿಸಬಹುದಾದ ಗೂಡುಗಳು ಸುಮಾರು 26.8 ಕೋಟಿ. ಗುಣಿಸಿದರೆ 137 ಜಿಬಿ, ಕಂಪ್ಯೂಟರಿನ ಲೆಕ್ಕದಲ್ಲಿ 128. ಅಲ್ಲಿಂದಾಚೆ ಮನೆಗಳಿದ್ದರೂ ಅಂಚೆಯವನಿಗೆ ವಿಳಾಸ ಬರೆಯಲು ಬಾರದು. ದೊಡ್ಡ ಕಾರ್ಡ್ ಹಾಕಿದರೆ ಮೊದಲು ಎಲ್ಲ ಸರಿಯಾಗಿಯೇ ಕಾಣುತ್ತದೆ. ಗಡಿ ದಾಟಿ ಹಾಡು ತುಂಬಿದ ದಿನ ಹಳೆಯ ಹಾಡುಗಳೂ ಕಲಸಿಹೋಗುತ್ತವೆ. ಈ ಎರಡು ಮಾದರಿಗಳಿಗೆ 128ರ ಕಾರ್ಡ್ ಹಾಕಿ ಸುಮ್ಮನಿರಿ. 2009ರ 160 ಜಿಬಿ ತೆಳು ಮಾದರಿಗೆ ಈ ತೊಂದರೆ ಇಲ್ಲ. ಪೆಟ್ಟಿಗೆ ಉಳಿದಿದ್ದರೆ ಎಂಸಿ293 ಅಥವಾ ಎಂಸಿ297 ಎಂದು ಬರೆದಿದೆಯೇ ನೋಡಿ. ಐದು, ಐದೂವರೆಗೂ ಈ ಗೋಡೆ ಅಡ್ಡ ಬರುವುದಿಲ್ಲ.

ಎರಡನೆಯದು ನೆನಪಿನ ಗೋಡೆ. ಐಪಾಡ್ ಆನ್ ಆದಾಗ ಎಲ್ಲ ಹಾಡುಗಳ ಪಟ್ಟಿಯನ್ನು ತನ್ನ ರ್‍ಯಾಮ್‌ಗೆ ತುಂಬಿಕೊಳ್ಳುತ್ತದೆ. ಐದನೆಯ ಪೀಳಿಗೆಯ 30 ಜಿಬಿ ಮಾದರಿಯಲ್ಲಿ ರ್‍ಯಾಮ್ ಇರುವುದು 32 ಎಂಬಿ. 60 ಮತ್ತು 80 ಜಿಬಿಯವುಗಳಲ್ಲಿ 64. ಕಾರ್ಡ್‌ನಲ್ಲಿ ಜಾಗ ಎಷ್ಟೇ ಇರಲಿ, ಹಾಡುಗಳ ಸಂಖ್ಯೆ ಹತ್ತಾರು ಸಾವಿರ ದಾಟುತ್ತಿದ್ದಂತೆ ಪಟ್ಟಿ ರ್‍ಯಾಮ್‌ನಲ್ಲಿ ಹಿಡಿಸದೆ ಐಪಾಡ್ ತಾನಾಗಿ ಆರಿ ಮತ್ತೆ ಹೊತ್ತಿಕೊಳ್ಳುತ್ತದೆ. 30ರ ಮಾದರಿಯವರು ಇಪ್ಪತ್ತು ಸಾವಿರದ ಹತ್ತಿರ ಬಂದರೆ ಎಚ್ಚರ ವಹಿಸಿ. ಚಿಕ್ಕ ಚಿಕ್ಕ ಸಾವಿರಾರು ಹಾಡುಗಳಿಗಿಂತ ಎರಡೆರಡು ಗಂಟೆಯ ಹರಿಕಥೆಗಳು ಈ ವಿಷಯದಲ್ಲಿ ಸಾಧು ಪ್ರಾಣಿಗಳು. ಜಾಗ ತಿನ್ನುತ್ತವೆ, ಪಟ್ಟಿ ಬೆಳೆಸುವುದಿಲ್ಲ.

128ರ ಕಾರ್ಡ್ ಹಾಕಿದೆ, 119 ಎಂದು ತೋರಿಸುತ್ತದೆ. 9 ಜಿಬಿ ಯಾರು ತಿಂದರು?

ಯಾರೂ ತಿಂದಿಲ್ಲ. ಕಾರ್ಡ್ ಮಾಡುವವರು ಜಿಬಿ ಎಂದರೆ ನೂರು ಕೋಟಿ ಬೈಟ್ ಎನ್ನುತ್ತಾರೆ, ವಿಂಡೋಸ್ 107 ಕೋಟಿಗೂ ಹೆಚ್ಚು ಬೈಟ್‌ಗೆ ಒಂದು ಜಿಬಿ ಎಂದು ಎಣಿಸುತ್ತದೆ. ಸೇರು ಬೇರೆ, ಅಕ್ಕಿ ಅಷ್ಟೇ.

ಕಾರ್ಡ್ ಯಾವುದಾದರೂ ನಡೆಯುತ್ತದೆಯೇ? ಅರ್ಧ ಬೆಲೆಗೆ ಸಿಗುವುದನ್ನು ತೆಗೆದುಕೊಂಡೆ.

ಅಯ್ಯೋ. ನಾನೂ ತೆಗೆದುಕೊಂಡಿದ್ದೆ.

ಮೂರು ಸಂಜೆ ಕೂತು ಹಾಡು ತುಂಬಿದೆ. ಮೊದಲ ಸಂಜೆ ತುಂಬಿದ್ದು ಚೆನ್ನಾಗಿ ನುಡಿಯಿತು. ಮೂರನೆಯ ಸಂಜೆ ನೋಡಿದರೆ ಹೆಸರುಗಳೆಲ್ಲ ಇವೆ, ಒತ್ತಿದರೆ ಎರಡು ಸೆಕೆಂಡ್ ಮೌನ, ಮುಂದಿನ ಹಾಡಿಗೆ ಜಿಗಿತ, ಅಲ್ಲಿಯೂ ಮೌನ. ಅಡಾಪ್ಟರ್ ಕೆಟ್ಟಿದೆ ಎಂದುಕೊಂಡು ಇನ್ನೊಂದು ತರಿಸಿದೆ. ರಿಬ್ಬನ್ ಪಟ್ಟಿ ಸಡಿಲವಾಗಿದೆ ಎಂದುಕೊಂಡು ನಾಲ್ಕು ಸಲ ಬಿಚ್ಚಿದೆ. ಕೊನೆಗೆ ಕಾರ್ಡನ್ನೇ ಹೊರತೆಗೆದು ಪರೀಕ್ಷಿಸಿದರೆ, 256 ಎಂದು ಬರೆದುಕೊಂಡಿದ್ದ ಆ ಮಹಾಶಯನಲ್ಲಿ ನಿಜವಾಗಿ ಇದ್ದದ್ದು 30 ಜಿಬಿಗೂ ಕಡಿಮೆ.

ನಕಲಿ ಕಾರ್ಡ್‌ನ ಒಳಗಿನ ನಿಯಂತ್ರಕ ಚಿಪ್‌ಗೆ ಸುಳ್ಳು ಹೇಳಲು ಕಲಿಸಿರುತ್ತಾರೆ. ಎಷ್ಟು ಜಾಗ ಎಂದು ಕೇಳಿದರೆ 256 ಎನ್ನುತ್ತದೆ. ನಿಜವಾದ ಜಾಗ ಮುಗಿದ ಮೇಲೂ ಬರೆದದ್ದನ್ನೆಲ್ಲ ಹೂಂ ಹೂಂ ಎಂದು ಒಪ್ಪಿಕೊಂಡು ಗಾಳಿಗೆ ತೂರುತ್ತದೆ, ಇಲ್ಲವೇ ಹಳೆಯದರ ಮೇಲೆಯೇ ಬರೆಯುತ್ತದೆ. ಆದ್ದರಿಂದ ತುಂಬುವವರೆಗೂ ಮೋಸ ತಿಳಿಯುವುದಿಲ್ಲ.

ಈಗ ನನ್ನ ನಿಯಮ ಇದು: ಕಾರ್ಡ್ ಕೈಗೆ ಬಂದ ದಿನವೇ, ಐಪಾಡ್ ಬಿಚ್ಚುವ ಮೊದಲೇ, ಪೂರ್ತಿ ಪರೀಕ್ಷೆ. ವಿಂಡೋಸ್‌ನಲ್ಲಿ ಎಚ್2ಟೆಸ್ಟ್‌ಡಬ್ಲ್ಯು, ಲಿನಕ್ಸ್ ಮತ್ತು ಮ್ಯಾಕ್‌ನಲ್ಲಿ ಎಫ್3 ಎಂಬ ಉಚಿತ ತಂತ್ರಾಂಶಗಳಿವೆ. ಇವು ಕಾರ್ಡನ್ನು ತುದಿಯವರೆಗೆ ತುಂಬಿ, ಮತ್ತೆ ಓದಿ, ತಾಳೆ ನೋಡುತ್ತವೆ. ಗಂಟೆಗಟ್ಟಲೆ ಹಿಡಿಯುತ್ತದೆ. ರಾತ್ರಿ ಹಚ್ಚಿ ಮಲಗಿ. ಹಿಂದಿರುಗಿಸುವ ಗಡುವು ಮುಗಿಯುವುದರೊಳಗೆ ಇದು ಆಗಬೇಕು.

ನಾಲ್ಕು ಕಾರ್ಡ್ ಹಿಡಿಯುವ ಅಡಾಪ್ಟರ್ ಒಳ್ಳೆಯದೋ, ಒಂದರದೋ?

ಒಂದರದು. ಐಫ್ಲ್ಯಾಶ್‌ನವರು ಒಂದು, ಎರಡು, ನಾಲ್ಕು ಕಾರ್ಡ್‌ಗಳ ಅಡಾಪ್ಟರ್‌ಗಳನ್ನು ಮಾಡುತ್ತಾರೆ, ಎಂಸಾಟಾ ಎಸ್‌ಎಸ್‌ಡಿ ಎಂಬ, ಕಂಪ್ಯೂಟರಿನ ಪುಟ್ಟ ಫ್ಲ್ಯಾಶ್ ಡಿಸ್ಕ್ ಕೂರಿಸುವಂಥದ್ದೂ ಇದೆ. ನಾಲ್ಕು ಹಾಕಿದಾಗ ಅವು ಒಂದರ ಬಾಲಕ್ಕೆ ಇನ್ನೊಂದು ಸೇರಿ ಒಂದೇ ದೊಡ್ಡ ಡಿಸ್ಕ್‌ನಂತೆ ಕಾಣುತ್ತವೆ. ನಾಲ್ಕರಲ್ಲಿ ಒಂದು ಕೈಕೊಟ್ಟರೂ ಎಲ್ಲ ಹೋಯಿತು. ಬ್ಯಾಟರಿ ಹೀರುವುದೂ ಹೆಚ್ಚು. ಮೇಜಿನ ಖಾನೆಯಲ್ಲಿ ಚಿಕ್ಕ ಕಾರ್ಡ್‌ಗಳು ಈಗಾಗಲೇ ಬಿದ್ದಿದ್ದರೆ ಮಾತ್ರ ಅದು ಲಾಭ.

ಒಟ್ಟು ಎಷ್ಟು ಖರ್ಚಾಗುತ್ತದೆ?

ಬೆಲೆ ತಿಂಗಳಿಗೊಂದು ಥರ, ಹಾಗಾಗಿ ಅಂಕಿ ಬರೆಯುವುದಿಲ್ಲ. ಹೆಚ್ಚು ಹೋಗುವುದು ಸಾಮಾನ್ಯವಾಗಿ ಕಾರ್ಡ್‌ಗೆ, ಆಮೇಲೆ ಅಡಾಪ್ಟರ್‌ಗೆ, ಕೊನೆಗೆ ಬ್ಯಾಟರಿಗೆ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಅಡಾಪ್ಟರ್ ಹುಡುಕಿ ಸುತ್ತಿದ ದಿನ ನನಗೆ ಸಿಕ್ಕಿದ್ದು ಒಳ್ಳೆಯ ಚಿಮಟ ಒಂದೇ. ಅಡಾಪ್ಟರನ್ನು ಆನ್‌ಲೈನ್‌ನಲ್ಲೇ ತರಿಸಬೇಕಾಯಿತು.

## ಬಿಚ್ಚುವಾಗ

ಸ್ಕ್ರೂ ಒಂದೂ ಕಾಣುವುದಿಲ್ಲ. ಎಲ್ಲಿಂದ ಬಿಚ್ಚುವುದು?

ಹೊರಗೆ ಸ್ಕ್ರೂ ಇಲ್ಲ. ಹಿಂಬದಿಯ ತಗಡಿನ ಒಳಅಂಚಿನಲ್ಲಿ ಸಾಲಾಗಿ ಹಲ್ಲುಗಳಿವೆ, ಅವು ಮುಂಭಾಗದ ಚೌಕಟ್ಟಿಗೆ ಕಚ್ಚಿಕೊಂಡಿರುತ್ತವೆ. ಮೊದಲು ಆಫ್ ಮಾಡಿ, ಮೇಲಿನ ಹೋಲ್ಡ್ ಗುಂಡಿಯನ್ನು ಬೀಗದ ಕಡೆಗೆ ಸರಿಸಿ. ಇಲ್ಲದಿದ್ದರೆ ಬಿಚ್ಚುವ ನಡುವೆ ಚಕ್ರಕ್ಕೆ ಬೆರಳು ತಾಕಿ ಹೊತ್ತಿಕೊಳ್ಳುತ್ತದೆ.

ನಮ್ಮ ಬೀದಿಯಲ್ಲಿ ತುಮಕೂರಿನ ಎಚ್‌ಎಂಟಿ ಕೈಗಡಿಯಾರ ಕಾರ್ಖಾನೆಯಲ್ಲಿ ದುಡಿದ ಹಿರಿಯರೊಬ್ಬರಿದ್ದಾರೆ. ನನ್ನ ಮೊದಲ ಐಪಾಡನ್ನು ನಾನು ಸ್ಕ್ರೂಡ್ರೈವರ್‌ನಿಂದ ಮೀಟುವುದನ್ನು ಕಂಡು ಅವರಿಗೆ ಹೊಟ್ಟೆ ಉರಿಯಿತು. ಕೈಯಿಂದ ಕಿತ್ತುಕೊಂಡರು. ಕಣ್ಣಿಗೆ ಗಾಜು ಸಿಕ್ಕಿಸಿಕೊಂಡು ಸುತ್ತ ಒಮ್ಮೆ ನೋಡಿ, ಗಿಟಾರ್ ಬಾರಿಸುವ ಪ್ಲಾಸ್ಟಿಕ್ ಪಿಕ್ ಎರಡನ್ನು ತರಿಸಿದರು. ತಗಡಿಗೂ ಪ್ಲಾಸ್ಟಿಕ್‌ಗೂ ನಡುವಿನ ಗೀರಿನಲ್ಲಿ, ಉದ್ದ ಬದಿಯ ನಡುಮಧ್ಯದಲ್ಲಿ, ಒಂದರ ಮೂಲೆಯನ್ನು ಒತ್ತಿ ಒಂದು ಕೂದಲಿನಷ್ಟು ಇಳಿಸಿದರು. ಅಲ್ಲಿಯೇ ಬಿಟ್ಟು ಇನ್ನೊಂದನ್ನು ಎರಡು ಬೆರಳು ಆಚೆ ಇಳಿಸಿದರು. ‘ಇದು ತೆಂಗಿನಕಾಯಿ ಅಲ್ಲ, ಸುಲಿಯುವುದಕ್ಕೆ. ಹಲಸಿನ ತೊಳೆ, ಬಿಡಿಸಬೇಕು’ ಎಂದರು. ಎರಡರ ನಡುವೆ ನವಿರಾಗಿ ತಿರುಗಿಸಿದಾಗ ಟಿಕ್ ಎಂದು ಒಂದು ಹಲ್ಲು ಬಿಟ್ಟಿತು. ಆ ಟಿಕ್‌ಗಾಗಿ ಕಾಯಬೇಕು. ಅದು ಬರುವ ಮುನ್ನ ಬಲ ಹಾಕಿದರೆ ತಗಡು ಬಾಗುತ್ತದೆ, ಮತ್ತೆ ಎಷ್ಟು ತಟ್ಟಿದರೂ ಆ ಅಂಚು ಕೂಡುವುದಿಲ್ಲ.

ಕ್ಲಾಸಿಕ್‌ನಲ್ಲಿ ಎರಡೂ ಬದಿ ಲೋಹ, ಹಲ್ಲುಗಳೂ ಬಿಗಿ. ಅಲ್ಲಿ ಪಿಕ್ ಸಾಲದು. ಗೋಡೆಗೆ ಪುಟ್ಟಿ ಮೆತ್ತುವಂಥ ತೆಳುವಾದ ಉಕ್ಕಿನ ಪಟ್ಟಿ ಬೇಕು, ಅಂಚಿನಲ್ಲಿ ಸ್ವಲ್ಪ ಗೀರು ಬೀಳುವುದನ್ನು ಒಪ್ಪಿಕೊಳ್ಳಲೂ ಬೇಕು.

ತೆರೆದ ಕೂಡಲೇ ಒಂದು ರಿಬ್ಬನ್ ಪಟ್ಟಿ ಹರಿದುಹೋಯಿತು. ಏನು ಮಾಡಲಿ?

ಹರಿದದ್ದು ಯಾವುದು ಎಂಬುದರ ಮೇಲೆ ನಿಮ್ಮ ಅದೃಷ್ಟ. ಹಿಂಬದಿಯ ತಗಡಿನಲ್ಲಿ ಬ್ಯಾಟರಿಯೂ ಹೆಡ್‌ಫೋನ್ ಕಿಂಡಿಯೂ ಕೂತಿರುತ್ತವೆ, ಎರಡರ ಪಟ್ಟಿಗಳೂ ಮುಂಭಾಗದ ಹಲಗೆಗೆ ಹೋಗುತ್ತವೆ. ಆದ್ದರಿಂದ ಡಬ್ಬದ ಮುಚ್ಚಳ ಎತ್ತಿದಂತೆ ಎತ್ತಬಾರದು, ಪುಸ್ತಕ ತೆರೆದಂತೆ ಬದಿಗೆ ತೆರೆಯಬೇಕು.

ಐದನೆಯ ಪೀಳಿಗೆಯಲ್ಲಿ ಮೊದಲು ಬ್ಯಾಟರಿಯ ಪಟ್ಟಿ. ಅದರ ಕಂದು ಬೀಗವನ್ನು ಉಗುರಿನಿಂದ ಎರಡೂ ತುದಿಗಳಲ್ಲಿ ಒಂದೆರಡು ಮಿಲಿಮೀಟರ್ ನೇರವಾಗಿ ಮೇಲಕ್ಕೆ ಎತ್ತಿದರೆ ಪಟ್ಟಿ ತಾನಾಗಿ ಜಾರಿ ಬರುತ್ತದೆ. ಬೀಗವನ್ನು ಪೂರ್ತಿ ಕಿತ್ತರೆ ಮತ್ತೆ ಕೂರಿಸುವುದು ಕಷ್ಟ. ಆಮೇಲೆ ಡಿಸ್ಕನ್ನು ಹಾಳೆ ಮಗುಚಿದಂತೆ ಎತ್ತಿ, ಅದರ ಅಡಿಯಲ್ಲಿರುವ ಹೆಡ್‌ಫೋನ್ ಪಟ್ಟಿ. ಕೊನೆಗೆ ಡಿಸ್ಕ್‌ನದು, ಅದರ ಕರಿ ಕಡ್ಡಿಯನ್ನು ಬಾಗಿಲಿನಂತೆ ನಿಲ್ಲಿಸಿದರೆ ಬಿಡುತ್ತದೆ.

ಹೆಡ್‌ಫೋನ್ ಪಟ್ಟಿ ಹರಿದರೆ ಕಿಂಡಿಯ ಸಮೇತ ಹೊಸದು ಸಿಗುತ್ತದೆ. ಡಿಸ್ಕ್‌ನದೂ ಸಿಗುತ್ತದೆ. ಬ್ಯಾಟರಿಯದು ಹರಿದರೆ ಹೊಸ ಬ್ಯಾಟರಿ, ಅದು ಹೇಗೂ ಬೇಕಿತ್ತು ಎಂದುಕೊಳ್ಳಿ. ಹಲಗೆಯ ಮೇಲಿನ ಬೀಗವೇ ಮುರಿದರೆ ಮಾತ್ರ ಮೊಬೈಲ್ ರಿಪೇರಿಯ ನುರಿತ ಕೈ ಬೇಕು.

ಬ್ಯಾಟರಿ ಉಬ್ಬಿದೆ. ಅದನ್ನೇ ಉಳಿಸಿಕೊಳ್ಳಬಹುದೇ?

ಬೇಡ. ಚುಚ್ಚಬೇಡಿ, ಒತ್ತಬೇಡಿ, ಮೀಟುವಾಗ ಚೂಪಾದದ್ದು ಬಳಸಬೇಡಿ. ಲಿಥಿಯಂ ಬ್ಯಾಟರಿ ತೂತಾದರೆ ಹೊತ್ತಿ ಉರಿಯುತ್ತದೆ. ಮರಳು ತುಂಬಿದ ಡಬ್ಬದಲ್ಲಿಟ್ಟು ಇ-ತ್ಯಾಜ್ಯ ಪಡೆಯುವವರಿಗೆ ಕೊಡಿ.

ಡಿಸ್ಕ್ ಹೋದ ಜಾಗ ಖಾಲಿ ಉಳಿಯಿತು. ಅಲ್ಲಾಡುತ್ತದೆ.

ಡಿಸ್ಕ್‌ಗೆ ಹೊಂದಿಸಿದ್ದ ನೀಲಿ ರಬ್ಬರ್ ಇದ್ದರೆ ಬಳಸಿ, ಇಲ್ಲವೇ ಸ್ಪಂಜಿನಂಥ ಡಬಲ್ ಟೇಪ್‌ನ ಎರಡು ತುಂಡು. ಖಾಲಿ ಜಾಗವನ್ನು ದೊಡ್ಡ ಬ್ಯಾಟರಿಗೆ ಕೊಡುವುದು ಜಾಣತನ. ಜಾಗ ಅಳೆದು ತರಿಸಿ, ಮುಚ್ಚುವಾಗ ಒತ್ತಿ ಕೂರಿಸಬೇಕಾಗಿ ಬಂದರೆ ಅದು ದಪ್ಪ ಹೆಚ್ಚಾಯಿತು ಎಂದೇ ಅರ್ಥ.

## ಮುಚ್ಚುವ ಮೊದಲು, ಮುಚ್ಚಿದ ಮೇಲೆ

ಎಲ್ಲ ಜೋಡಿಸಿದೆ, ಆದರೆ ಪರದೆಯಲ್ಲಿ ಬರೀ ಎಚ್ಚರಿಕೆಯ ಗುರುತು. ಕಂಪ್ಯೂಟರೂ ಗುರುತಿಸುವುದಿಲ್ಲ.

ಹೊಸ ಕಾರ್ಡ್‌ನಲ್ಲಿ ಐಪಾಡ್‌ನ ತಂತ್ರಾಂಶ ಇಲ್ಲ, ಗುರುತು ಬರುವುದು ಸಹಜ. ಮತ್ತೆ ಮೆನು ಮತ್ತು ನಡುವಿನ ಗುಂಡಿ, ಸೇಬಿನ ಗುರುತು ಬಂದಾಗ ನಡುವಿನದು ಮತ್ತು ಪ್ಲೇ. ಇದು ಡಿಸ್ಕ್ ಮೋಡ್, ಐಪಾಡ್ ಕಂಪ್ಯೂಟರಿಗೆ ಬರೀ ಡಿಸ್ಕ್‌ನಂತೆ ಕಾಣುವ ಸ್ಥಿತಿ. ಈಗ ಕೇಬಲ್ ಸಿಕ್ಕಿಸಿ ವಿಂಡೋಸ್‌ನಲ್ಲಿ ಆ್ಯಪಲ್‌ನ ಐಟ್ಯೂನ್ಸ್ ತಂತ್ರಾಂಶ, ಮ್ಯಾಕ್‌ನಲ್ಲಿ ಫೈಂಡರ್ ತೆರೆದು ರಿಸ್ಟೋರ್ ಒತ್ತಿ. ಕಾರ್ಡನ್ನು ಮೊದಲೇ ಫಾರ್ಮ್ಯಾಟ್ ಮಾಡುವ ಅಗತ್ಯ ಇಲ್ಲ, ರಿಸ್ಟೋರ್ ಅದನ್ನೂ ಮಾಡಿಕೊಳ್ಳುತ್ತದೆ.

ಡಿಸ್ಕ್ ಮೋಡ್ ಬಂದರೂ ಕಂಪ್ಯೂಟರ್ ಮೌನವಾಗಿದ್ದರೆ ಹತ್ತರಲ್ಲಿ ಎಂಟು ಸಲ ರಿಬ್ಬನ್ ಪಟ್ಟಿ ಓರೆಯಾಗಿ ಕೂತಿರುತ್ತದೆ. ಒಂಬತ್ತನೆಯ ಸಲ ಕೇಬಲ್, ಅಗ್ಗದ 30 ಪಿನ್ ಕೇಬಲ್‌ಗಳು ಚಾರ್ಜ್ ಮಾತ್ರ ಮಾಡುತ್ತವೆ. ಯುಎಸ್‌ಬಿ ಹಬ್ ಬಿಟ್ಟು ಕಂಪ್ಯೂಟರಿನ ಹಿಂದಿನ ಕಿಂಡಿಗೇ ಹಾಕಿ ನೋಡಿ. ಇದೆಲ್ಲ ಮುಗಿದು ನಾಲ್ಕು ಹಾಡು ನುಡಿಯುವವರೆಗೆ ತಗಡು ಮುಚ್ಚಬೇಡಿ. ನಾನು ರಬ್ಬರ್ ಬ್ಯಾಂಡ್ ಸುತ್ತಿ ಒಂದು ದಿನ ಹಾಗೆಯೇ ಇಡುತ್ತೇನೆ.

ಈಗ ಧ್ವನಿ ಇನ್ನೂ ಚೆನ್ನಾಗಿದೆ ಎನಿಸುತ್ತಿದೆ. ನಿಜವೇ?

ಸಂತೋಷ. ಆದರೆ ಇಲ್ಲ. ಕಾರ್ಡ್‌ನಿಂದ ಬರುವ ಸೊನ್ನೆ-ಒಂದುಗಳೂ ಡಿಸ್ಕ್‌ನಿಂದ ಬರುತ್ತಿದ್ದವೂ ಒಂದೇ. ಧ್ವನಿ ತಯಾರಾಗುವುದು ಬೇರೆ ಚಿಪ್‌ನಲ್ಲಿ: ಐದು, ಐದೂವರೆಯಲ್ಲಿ ವುಲ್ಫ್‌ಸನ್ ಕಂಪನಿಯದು, ಕ್ಲಾಸಿಕ್‌ನಲ್ಲಿ ಸಿರಸ್ ಲಾಜಿಕ್‌ನದು. ಇವೆರಡರಲ್ಲಿ ಯಾವುದು ಇಂಪು ಎಂಬ ಜಗಳ ತಟ್ಟೆ ಇಡ್ಲಿ ಕ್ಯಾತಸಂದ್ರದ್ದು ಮೇಲೋ ಬಿಡದಿಯದು ಮೇಲೋ ಎಂಬಷ್ಟೇ ಹಳೆಯದು. ನನಗೆ ಕ್ಯಾತಸಂದ್ರದ್ದೇ ಮೇಲು. ಬದಲಾದದ್ದು ಒಂದಿದೆ, ನಿಶ್ಶಬ್ದ ಕೋಣೆಯಲ್ಲಿ ಡಿಸ್ಕ್ ಏಳುವಾಗ ಕೇಳಿಸುತ್ತಿದ್ದ ಗುರ್ ಸದ್ದು ಈಗ ಇಲ್ಲ.

ಬ್ಯಾಟರಿ ಎರಡು ಪಟ್ಟು ಬರುತ್ತದೆ ಎಂದರು. ನನ್ನದು ಮೊದಲಿಗಿಂತ ಬೇಗ ಮುಗಿಯುತ್ತಿದೆ.

ಡಿಸ್ಕ್ ಇದ್ದಾಗ ಐಪಾಡ್ ಒಂದು ಉಪಾಯ ಮಾಡುತ್ತಿತ್ತು. ಮುಂದಿನ ಹಲವು ಹಾಡುಗಳನ್ನು ಒಟ್ಟಿಗೆ ರ್‍ಯಾಮ್‌ಗೆ ಎಳೆದುಕೊಂಡು ಡಿಸ್ಕನ್ನು ಮಲಗಿಸುತ್ತಿತ್ತು. ಮೋಟಾರ್ ಎಬ್ಬಿಸುವುದೇ ದೊಡ್ಡ ಖರ್ಚು. ಕಾರ್ಡ್‌ಗೆ ಮೋಟಾರ್ ಇಲ್ಲ, ಹಾಗಾಗಿ ಉಳಿತಾಯ ಆಗಬೇಕು, ಸಾಮಾನ್ಯವಾಗಿ ಆಗುತ್ತದೆ ಕೂಡ. ಆದರೆ ಕೆಲವು ಕಾರ್ಡ್‌ಗಳು ಕೆಲಸ ಇಲ್ಲದಾಗ ಮಲಗುವುದಿಲ್ಲ, ದೀಪ ಹಚ್ಚಿಕೊಂಡೇ ಕೂತಿರುವ ಕಾವಲುಗಾರನಂತೆ ಸದಾ ಸ್ವಲ್ಪ ಸ್ವಲ್ಪ ಕರೆಂಟ್ ಹೀರುತ್ತಿರುತ್ತವೆ. ಬೇರೆ ಕಾರ್ಡ್ ಹಾಕಿ ಹೋಲಿಸಿ. ಅದಕ್ಕೂ ಮೊದಲು ಕೇಳಿಕೊಳ್ಳಬೇಕಾದದ್ದು: ಬ್ಯಾಟರಿ 2006ರದೇ ಅಲ್ಲವೇ? 30 ಜಿಬಿ ವಿಡಿಯೊ ಮಾದರಿಗೆ ಹೊಸದರಲ್ಲಿಯೇ ಕಂಪನಿ ಹೇಳಿದ್ದು 14 ಗಂಟೆ.

ಐಟ್ಯೂನ್ಸ್ ಎಂದರೆ ನನಗೆ ಆಗುವುದಿಲ್ಲ. ಪೆನ್ ಡ್ರೈವ್‌ಗೆ ಹಾಕಿದಂತೆ ಹಾಡು ಹಾಕಲು ಬರುವುದಿಲ್ಲವೇ?

ರಾಕ್‌ಬಾಕ್ಸ್ ಹಾಕಿಕೊಳ್ಳಿ. 2001ರಿಂದ ಸ್ವಯಂಸೇವಕರು ಬೆಳೆಸುತ್ತಿರುವ ಮುಕ್ತ ತಂತ್ರಾಂಶ, ಉಚಿತ. ಆ್ಯಪಲ್‌ನ ತಂತ್ರಾಂಶ ನುಡಿಸದ ಫ್ಲ್ಯಾಕ್, ಆಗ್ ಎಂಬ ಬಗೆಯ ಹಾಡಿನ ಕಡತಗಳನ್ನೂ ನುಡಿಸುತ್ತದೆ, ಫೋಲ್ಡರ್‌ಗಳನ್ನು ನೀವಿಟ್ಟಂತೆಯೇ ತೋರಿಸುತ್ತದೆ. ಹಳೆಯ ತಂತ್ರಾಂಶವೂ ಜೊತೆಗೆ ಉಳಿಯುತ್ತದೆ, ಬೇಕೆಂದಾಗ ಅದಕ್ಕೇ ಹೋಗಬಹುದು.

ಒಂದೇ ಎಡವಟ್ಟು. ಮ್ಯಾಕ್‌ನಲ್ಲಿ ರಿಸ್ಟೋರ್ ಮಾಡಿದ ಐಪಾಡ್ ಎಚ್‌ಎಫ್‌ಎಸ್ ಪ್ಲಸ್ ಎಂಬ, ಮ್ಯಾಕ್‌ನ ಕಡತ ಜೋಡಣೆಯ ವಿನ್ಯಾಸದಲ್ಲಿರುತ್ತದೆ, ರಾಕ್‌ಬಾಕ್ಸ್‌ಗೆ ಬೇಕಾದದ್ದು ವಿಂಡೋಸ್‌ನ ಫ್ಯಾಟ್32. ವಿಂಡೋಸ್ ಇರುವ ಯಾರ ಮನೆಯಲ್ಲಾದರೂ ಮತ್ತೊಮ್ಮೆ ರಿಸ್ಟೋರ್ ಮಾಡಿ ಬನ್ನಿ.

ಹಾಡಿನ ಹೆಸರನ್ನು ಕನ್ನಡದಲ್ಲಿ ಬರೆದರೆ ಸರಿಯಾಗಿ ಕಾಣುವುದಿಲ್ಲ.

ಕಾಣುವುದಿಲ್ಲ. ನನಗೂ ಬೇಸರವೇ. ರಾಕ್‌ಬಾಕ್ಸ್‌ನಲ್ಲಿ ಅಕ್ಷರಶೈಲಿ ಬದಲಿಸಬಹುದಾದರೂ ಗುಣಿತ, ಒತ್ತಕ್ಷರಗಳನ್ನು ಕೂಡಿಸಿ ಬರೆಯುವ ವಿದ್ಯೆ ಅದಕ್ಕೆ ಬಾರದು, ‘ಸ್ತ್ರೀ’ ಎಂದು ಬರೆದರೆ ಕೈಕಾಲು ಬಿಡಿಬಿಡಿ. ಅನಿವಾರ್ಯವಾಗಿ ಇಂಗ್ಲಿಷ್ ಲಿಪಿಯಲ್ಲಿ ಹೆಸರಿಟ್ಟಿದ್ದೇನೆ.

## ಆಳಕ್ಕೆ ಇಳಿದವರಿಗೆ

ಹಳೆಯ ಡಿಸ್ಕ್‌ನಲ್ಲಿ ನಮ್ಮ ತಾತ ಹಾಡಿದ್ದು ಇದೆ. ಬೇರೆ ಪ್ರತಿ ಇಲ್ಲ. ತೆಗೆಯಲು ಆಗುತ್ತದೆಯೇ?

ಹಾಗಿದ್ದರೆ ಈ ಕ್ಷಣದಿಂದ ಆ ಐಪಾಡನ್ನು ಆನ್ ಮಾಡಬೇಡಿ. ಪ್ರತಿ ಬಾರಿ ತಿರುಗಿದಾಗಲೂ ಕೆಟ್ಟ ಭಾಗ ಹಿಗ್ಗುತ್ತದೆ. ರಿಸ್ಟೋರ್ ಅಂತೂ ಒತ್ತಲೇಬೇಡಿ, ಅದು ಎಲ್ಲವನ್ನೂ ಅಳಿಸುತ್ತದೆ.

ಡಿಸ್ಕ್ ಹೊರತೆಗೆದು, ಅದರ ಕೊಂಡಿಗೆ ಹೊಂದುವ ಯುಎಸ್‌ಬಿ ಅಡಾಪ್ಟರ್ ಮೂಲಕ ಲಿನಕ್ಸ್ ಇರುವ ಕಂಪ್ಯೂಟರಿಗೆ ಹಾಕಿ. ಡಿಡಿರೆಸ್ಕ್ಯೂ ಎಂಬ ತಂತ್ರಾಂಶ ಮೊದಲು ಚೆನ್ನಾಗಿರುವ ಭಾಗಗಳನ್ನೆಲ್ಲ ನಕಲು ಮಾಡಿಕೊಂಡು, ಕೆಟ್ಟ ಭಾಗಗಳಿಗೆ ಕೊನೆಗೆ ಮರಳುತ್ತದೆ. ಮುಂದಿನ ಹುಡುಕಾಟವೆಲ್ಲ ಆ ನಕಲಿನ ಮೇಲೆ, ಮೂಲದ ಮೇಲೆ ಅಲ್ಲ.

ಹಾಡುಗಳು ಐಪಾಡ್ ಕಂಟ್ರೋಲ್ ಎಂಬ ಅಡಗಿದ ಫೋಲ್ಡರ್‌ನ ಒಳಗೆ, ಮ್ಯೂಸಿಕ್ ಎಂಬುದರಲ್ಲಿ ಇರುತ್ತವೆ. ಎಫ್00, ಎಫ್01 ಎಂದು ಸಾಲು ಸಾಲು ಫೋಲ್ಡರ್, ಒಳಗೆ ಅರ್ಥವಿಲ್ಲದ ನಾಲ್ಕಕ್ಷರದ ಹೆಸರುಗಳು. ಗಾಬರಿ ಬೇಡ, ಹಾಡಿನ ನಿಜವಾದ ಹೆಸರು ಸಾಮಾನ್ಯವಾಗಿ ಕಡತದ ಒಳಗಿನ ಟ್ಯಾಗ್‌ನಲ್ಲಿ ಇರುತ್ತದೆ. ಅದನ್ನು ಓದಿ ಮರುನಾಮಕರಣ ಮಾಡುವ ತಂತ್ರಾಂಶಗಳಿವೆ. ಮನೆಯಲ್ಲೇ ರೆಕಾರ್ಡ್ ಮಾಡಿದ್ದಕ್ಕೆ ಟ್ಯಾಗ್ ಇರದಿದ್ದರೆ ಒಂದೊಂದನ್ನೂ ಕೇಳಿಯೇ ಗುರುತಿಸಬೇಕು. ಗುಬ್ಬಿಯ ಒಬ್ಬರಿಗೆ ಹೀಗೆ ಮಾಡಿಕೊಡುವಾಗ ಎಂಟುನೂರು ಕಡತಗಳಲ್ಲಿ ಮೂರನೆಯ ದಿನ ಅವರ ತಂದೆಯ ಕೆಮ್ಮು ಮೊದಲು ಸಿಕ್ಕಿತು, ಆಮೇಲೆ ಕಂದಪದ್ಯ.

ಡಿಸ್ಕ್ ಬರೀ ಕಟಕಟ ಎಂದು, ಕಂಪ್ಯೂಟರ್ ಅದನ್ನು ಗುರುತಿಸಲೇ ಇಲ್ಲವಾದರೆ ನನ್ನ ಕೈಲಿ ಆಗುವುದಿಲ್ಲ. ದತ್ತಾಂಶ ಮರಳಿಸುವ ಪ್ರಯೋಗಾಲಯಕ್ಕೇ ಕೊಡಬೇಕು, ದುಬಾರಿ.

ತೆಗೆದ ಡಿಸ್ಕ್ ಏನು ಮಾಡುವುದು? ಮಗ ಬಿಚ್ಚಿ ನೋಡಬೇಕು ಎನ್ನುತ್ತಾನೆ.

ಒಳಗಿನದೆಲ್ಲ ಉಳಿಸಿಕೊಂಡಿದ್ದೀರಿ ಎಂದಾದರೆ ಬಿಚ್ಚಲಿ. ಸಣ್ಣ ನಕ್ಷತ್ರಾಕಾರದ ಸ್ಕ್ರೂಗಳು, ಒಂದು ಸ್ಟಿಕರ್ ಅಡಿಯಲ್ಲಿ ಅಡಗಿರುತ್ತದೆ. ಇಂಥ ಚಿಕ್ಕ ಡಿಸ್ಕ್‌ಗಳ ತಟ್ಟೆ ಗಾಜಿನದಾಗಿರುವುದುಂಟು, ಬಗ್ಗಿಸಿದರೆ ಪುಡಿಪುಡಿಯಾಗಿ ಸಿಡಿಯುತ್ತದೆ, ಕಣ್ಣಿಗೆ ಕನ್ನಡಕ ಇರಲಿ. ಓದುತಲೆಯ ಬುಡದಲ್ಲಿರುವ ಅಯಸ್ಕಾಂತ ಚಿಕ್ಕದಾದರೂ ಬಲಶಾಲಿ. ನನ್ನ ಮೇಜಿನ ಅಂಚಿನಲ್ಲಿ ಅಂಥವು ಆರು ಅಂಟಿಕೊಂಡಿವೆ, ಐಪಾಡ್‌ನ ಸ್ಕ್ರೂಗಳು ನೆಲಕ್ಕೆ ಉರುಳದಂತೆ ಹಿಡಿದಿಡುತ್ತವೆ. ತಟ್ಟೆಯನ್ನು ನನ್ನ ಮಗಳು ಗೊಂಬೆಮನೆಗೆ ಕನ್ನಡಿ ಮಾಡಿಕೊಂಡಿದ್ದಾಳೆ.